ಬ್ಯಾಟರಿ ಸುತ್ತು

ಟೈಪಿಂಗ್ ಮೇಡಂ ಅವರ ಯಾವ ಸೀರೆ ನೋಡಿದರೂ ಮಂಡಿಯ ಹತ್ತಿರ ಸಣ್ಣ ಸಣ್ಣ ತೂತುಗಳಿರುತ್ತಿದ್ದವು. ಕೆಲವು ಸಾಸಿವೆ ಕಾಳಿನಷ್ಟು, ಕೆಲವು ಮೆಣಸಿನ ಕಾಳಿನಷ್ಟು. ತೂತಿನ ಅಂಚು ಕಂದಿರುತ್ತಿತ್ತು. ಮಿಕ್ಕಂತೆ ಅವರದು ಬಹಳ ಒಪ್ಪವಾದ ಉಡುಗೆ. ಗಂಜಿ ಹಾಕಿ ಇಸ್ತ್ರಿ ಮಾಡಿದ ನೂಲಿನ ಸೀರೆ, ಭುಜದ ಮೇಲೆ ಪಿನ್ನು, ಸೊಂಟದಲ್ಲಿ ಬೀಗದ ಕೈ ಗೊಂಚಲು, ಆ ಗೊಂಚಲಿನಲ್ಲಿ ಒಂದು ಪುಟ್ಟ ಸ್ಪ್ಯಾನರ್. ಕ್ಲಾಸಿಗೆ ಹೊಸದಾಗಿ ಸೇರಿದ ಹುಡುಗಿಯರು ‘ಮೇಡಂ ಮನೇಲಿ ಇಲಿ ಕಾಟ ಕಣೆ’ ಎಂದು ಪಿಸುಗುಟ್ಟಿಕೊಳ್ಳುತ್ತಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ. ಅವೆಲ್ಲ ಕಾರಿನ ಬ್ಯಾಟರಿಯ ಆಸಿಡ್ ಸಿಡಿದು ಆದ ತೂತುಗಳು ಎಂದು ಗೊತ್ತಾಗಿದ್ದು ಕ್ಲಾಸಿಗೆ ಸೇರಿ ಎಷ್ಟೋ ದಿನಗಳಾದ ಮೇಲೆ.

ಮಲ್ಲೇಶ್ವರದ ನಮ್ಮ ಕ್ರಾಸು ಸಂಪಿಗೆ ರಸ್ತೆಯ ಕಡೆಗೆ ಇಳಿಜಾರು. ಮೇಲ್ತುದಿಯಲ್ಲಿ ಮೇಡಂ ಮನೆ. ಕೆಳಗೆ ಟೈಪಿಂಗ್ ಇನ್‌ಸ್ಟಿಟ್ಯೂಟು, ಮೇಲೆ ಅವರೊಬ್ಬರ ವಾಸ. ಗೇಟಿನೊಳಗೆ ಕೆನೆಬಣ್ಣದ ಒಂದು ಹಳೆಯ ಕಾರು, ಮೂತಿ ಯಾವಾಗಲೂ ರಸ್ತೆಯ ಕಡೆಗೆ. ನಮ್ಮದು ನಾಲ್ಕು ಮನೆ ಕೆಳಗೆ. ಅಪ್ಪ ತೀರಿಕೊಂಡಿದ್ದರು; ಅಮ್ಮ ಮತ್ತು ನಾನು ಇಬ್ಬರೇ. ತೊಂಬತ್ತರ ದಶಕದ ಮೊದಲ ವರ್ಷಗಳು ಅವು. ಬಿ.ಕಾಂ. ಮುಗಿಸಿದ ಹುಡುಗಿಗೆ ಟೈಪಿಂಗ್ ಬಂದರೆ ಎಲ್ಲಾದರೂ ಒಂದು ಕೆಲಸ ಸಿಕ್ಕೇ ಸಿಗುತ್ತದೆ ಎಂದು ಎಲ್ಲರೂ ನಂಬಿದ್ದ ಕಾಲ. ಮೇಡಂ ನಮ್ಮ ಬೆರಳುಗಳ ಮೇಲೆ ಟವೆಲ್ ಹೊದಿಸಿ ‘ನೋಡ್ಬೇಡ, ಬೆರಳಿಗೆ ಗೊತ್ತು’ ಎನ್ನುತ್ತಿದ್ದರು. ನನ್ನ ಬೆರಳುಗಳಿಗೆ ಬಹಳ ದಿನ ಏನೂ ಗೊತ್ತಿರಲಿಲ್ಲ.

ಅವರು ಕಾರು ಕೊಂಡ ಕಥೆ ಇಡೀ ಕ್ರಾಸಿಗೆ ಗೊತ್ತಿತ್ತು. ಮೊದಲು ಅದು ಎದುರುಮನೆ ಡಾಕ್ಟರದು. ಬೀದಿಯಲ್ಲಿದ್ದ ಒಂದೇ ಕಾರು. ಯಾರಿಗೆ ಎದೆನೋವು ಬಂದರೂ, ಯಾರ ಮನೆ ಸೊಸೆಗೆ ಹೆರಿಗೆ ನೋವು ಶುರುವಾದರೂ ಜನ ಹೋಗಿ ತಟ್ಟುತ್ತಿದ್ದದ್ದು ಡಾಕ್ಟರ ಬಾಗಿಲನ್ನು. ಅವರು ಜಯನಗರಕ್ಕೆ ಮನೆ ಬದಲಾಯಿಸುವಾಗ ಹೊಸ ಕಾರು ತೆಗೆದುಕೊಂಡು ಹಳೆಯದನ್ನು ಮಾರಲು ಹೊರಟರು. ಕಾರಿರಲಿ, ಸೈಕಲ್ಲನ್ನೂ ತುಳಿದು ಗೊತ್ತಿಲ್ಲದ ಮೇಡಂ ಅದನ್ನು ಕೊಂಡುಬಿಟ್ಟರು. ಆಗ ಅವರಿಗೆ ಐವತ್ತರ ಹತ್ತಿರ. ಕೊಂಡ ಮೇಲೆ ಡ್ರೈವಿಂಗ್ ಕಲಿತರು. ಅವರ ಪಕ್ಕದ ಮನೆಯ ಬ್ಯಾಂಕ್ ಮಾಮ, ಅಂದರೆ ಬ್ಯಾಂಕಿನಲ್ಲಿ ಮ್ಯಾನೇಜರಾಗಿದ್ದು ಇಡೀ ಬೀದಿಗೆ ಮಾಮನಾಗಿದ್ದವರು, ‘ಕೆಳಗೆ ಕ್ಲಾಸು, ಮೇಲೆ ಮನೆ. ಕಾರಲ್ಲಿ ಮೆಟ್ಟಿಲು ಹತ್ತುತ್ತಾರಂತೇನು?’ ಎಂದು ಗೇಟಿನ ಹತ್ತಿರ ನಿಂತು ನಗುತ್ತಿದ್ದರು. ಯಾಕೆ ಕೊಂಡಿರಿ ಎಂದು ನಾನೊಮ್ಮೆ ಕೇಳಿದ್ದೆ. ‘ಡಾಕ್ಟ್ರು ಹೊರಟುಹೋದ್ರೆ ಇನ್ಯಾರ ಬಾಗಿಲು ತಟ್ಟೋದು ಅನ್ನಿಸ್ತು, ಅಷ್ಟೇ’ ಎಂದವರು ನನ್ನ ಹಾಳೆಯಲ್ಲಿದ್ದ ತಪ್ಪಿಗೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ಮುಂದಿನ ಹುಡುಗಿಯ ಹತ್ತಿರ ಹೋದರು.

ಬಾಗಿಲು ತಟ್ಟುವವರಿಗೆ ಮಾತ್ರ ಆ ಕಾರು. ಮದುವೆ ಮುಂಜಿಗೆ ಇಲ್ಲ, ಊರಿಂದ ಬಂದವರನ್ನು ಕರೆತರಲು ಇಲ್ಲ. ಬ್ಯಾಂಕ್ ಮಾಮ ಮಗಳ ಮದುವೆಯಲ್ಲಿ, ಮೆಜೆಸ್ಟಿಕ್ಕಿಗೆ ಬಂದಿಳಿಯುವ ಮದುಮಗನನ್ನು ಛತ್ರಕ್ಕೆ ಕರೆತರಲು ಕಾರು ಕೊಡಿ ಎಂದು ಕೇಳಿದ್ದಕ್ಕೆ ಮೇಡಂ ಖಡಾಖಂಡಿತವಾಗಿ ಆಗುವುದಿಲ್ಲ ಎಂದರು. ‘ಮದುಮಗ ಆಟೋದಲ್ಲಿ ಬಂದ್ರೆ ಮದುವೆಯೇನೂ ನಿಲ್ಲಲ್ಲ. ಅದೇ ಹೊತ್ತಿಗೆ ಯಾರಾದ್ರೂ ಬಂದು ತಟ್ಟಿದ್ರೆ ನಾನೇನ್ ಹೇಳ್ಲಿ?’ ಮಾಮ ಮುನಿಸಿಕೊಂಡು ಬಹಳ ಕಾಲ ಅವರೊಡನೆ ಮಾತು ಬಿಟ್ಟಿದ್ದರು. ಮೇಡಂಗೆ ಅದು ಗೊತ್ತೇ ಆಗಲಿಲ್ಲ ಅಂತ ಕಾಣುತ್ತದೆ. ಅವರು ಎಂದಿನಂತೆ ಮಾಮನಿಗೆ ನಮಸ್ಕಾರ ಹೇಳುತ್ತಿದ್ದರು, ಮಾಮ ಎಂದಿನಂತೆ ಆಕಾಶ ನೋಡುತ್ತಿದ್ದರು.

ಹೀಗೆ ಎಲ್ಲಿಗೂ ಹೋಗದೆ ನಿಲ್ಲುವ ಕಾರಿಗೆ ಒಂದು ಕಾಯಿಲೆ ತಪ್ಪಿದ್ದಲ್ಲ. ಅದರ ಬ್ಯಾಟರಿ ಸುಮ್ಮನೆ ಕೂತಲ್ಲೇ ಇಳಿದುಹೋಗುತ್ತದೆ. ಮೊದಲ ವರ್ಷ ಮೇಡಂ ದಿನಾ ಬೆಳಿಗ್ಗೆ ಕಾಫಿಗೆ ಮುಂಚೆ ಕಾರು ಸ್ಟಾರ್ಟ್ ಮಾಡಿ, ಸ್ವಲ್ಪ ಹೊತ್ತು ಗುರುಗುಟ್ಟಿಸಿ ಆಫ್ ಮಾಡುತ್ತಿದ್ದರಂತೆ. ಹಾಗೆ ಮಾಡಿದಷ್ಟೂ ಬೇಗ ಬ್ಯಾಟರಿ ಸತ್ತಿತು. ಸ್ಟಾರ್ಟ್ ಆಗಲು ಬ್ಯಾಟರಿ ಕೊಡುವುದು ಬಹಳ, ಅಷ್ಟು ಹೊತ್ತಿನಲ್ಲಿ ಅದಕ್ಕೆ ವಾಪಸು ಸಿಗುವುದು ಚೂರು. ಇದು ಅರ್ಥವಾದ ಮೇಲೆ ಅವರು ಎರಡು ಕಟ್ಟಳೆ ಮಾಡಿಕೊಂಡರು. ಕಾರು ನಿಂತಿರುವಾಗ ಬಾನೆಟ್ ಎತ್ತಿ, ಸ್ಪ್ಯಾನರಿನಿಂದ ಬ್ಯಾಟರಿಯ ಒಂದು ತಂತಿ ಬಿಚ್ಚಿಡುವುದು. ಯಾರಾದರೂ ಬಂದು ತಟ್ಟಿದರೆ ಮೊದಲು ಅದನ್ನು ಸಿಕ್ಕಿಸುವುದು. ಇನ್ನೊಂದು, ವಾರಕ್ಕೆರಡು ಸಲ ಸಂಜೆ ಕ್ಲಾಸು ಬಿಟ್ಟ ಮೇಲೆ ಕಾರನ್ನು ಸರಿಯಾಗಿ ಒಂದು ದೊಡ್ಡ ಸುತ್ತು ಓಡಿಸಿಕೊಂಡು ಬರುವುದು. ‘ಬ್ಯಾಟರಿ ಏನು ಬೀರುನಾ, ಇಟ್ಟಿದ್ದು ಇಟ್ಟ ಹಾಗೇ ಇರೋಕೆ?’ ಎನ್ನುತ್ತಿದ್ದರು.

ಇದಕ್ಕೆ ನಮ್ಮ ಕ್ಲಾಸಿನಲ್ಲಿ ಬ್ಯಾಟರಿ ಸುತ್ತು ಎಂದೇ ಹೆಸರು. ಅವತ್ತು ತಪ್ಪಿಲ್ಲದೆ ಟೈಪ್ ಮಾಡಿದ ಹುಡುಗಿಯರಿಗೆ ಹಿಂದಿನ ಸೀಟಿನಲ್ಲಿ ಜಾಗ. ನನಗೆ ಆ ಭಾಗ್ಯ ಬಂದಿದ್ದು ಕಮ್ಮಿ. ನಮ್ಮಮ್ಮನಿಗೆ ಮಾತ್ರ ಟೈಪಿಂಗ್ ಬಾರದಿದ್ದರೂ ಕಾಯಂ ಆಗಿ ಮುಂದಿನ ಸೀಟು. ಸಂಪಿಗೆ ರಸ್ತೆ ಹಿಡಿದು, ಯಶವಂತಪುರದ ಕಡೆ ಹೋಗಿ, ಮಾರ್ಗೋಸಾ ರಸ್ತೆಯಲ್ಲಿ ವಾಪಸು. ಎಲ್ಲೂ ನಿಲ್ಲುವ ಹಾಗಿಲ್ಲ. ನಿಂತರೂ ಇಂಜಿನ್ ಆಫ್ ಮಾಡುವ ಹಾಗಿಲ್ಲ. ಅಮ್ಮನಿಗೋ ದಾರಿಯಲ್ಲಿ ಸೊಗಡು ಅವರೆಕಾಯಿ ಕಂಡರೆ ಜೀವ ತಡೆಯದು. ಮೇಡಂ ಕಾರನ್ನು ಅವರೆಕಾಯಿಯ ತಳ್ಳುಗಾಡಿಯ ಪಕ್ಕಕ್ಕೆ ತಂದು ‘ಇಂಜಿನ್ ನಿಲ್ಲಿಸಲ್ಲ, ಬೇಗ ಹಾಕಪ್ಪಾ’ ಎಂದು ಕೂಗುವರು, ಅಮ್ಮ ಕಿಟಕಿಯಿಂದಲೇ ಸೆರಗು ಒಡ್ಡುವರು, ಹಿಂದಿನ ಬಸ್ಸಿನವನು ಹಾರನ್ ಬಜಾಯಿಸುವನು. ಅವರೆಕಾಯಿಯವನು ಕೊನೆಕೊನೆಗೆ ನಮ್ಮ ಕಾರಿನ ಸದ್ದು ಕೇಳಿದರೇನೇ ತೂಗಲು ಶುರುಮಾಡುತ್ತಿದ್ದ. ಮನೆಗೆ ಬಂದು, ಇಂಜಿನ್ ಆರಿದ ಮೇಲೆ, ಮೇಡಂ ಬಾನೆಟ್ ಎತ್ತುವರು. ತಂತಿಯ ಬಾಯಲ್ಲಿ ಬೆಳ್ಳಗೆ ಹೂವಿನ ಹಾಗೆ ಕಟ್ಟಿಕೊಂಡಿರುವುದನ್ನು ಬಿಸಿನೀರಿನಲ್ಲಿ ತೊಳೆದು, ವ್ಯಾಸಲೀನ್ ಹಚ್ಚುವರು. ಆ ಹೊತ್ತಿಗೆ ಸೀರೆಗೆ ಇನ್ನೊಂದು ತೂತು ಬಿದ್ದಿರುತ್ತಿತ್ತು.

ಅಮ್ಮನಿಗೆ ಮುಂದಿನ ಸೀಟು ಸುಮ್ಮನೆ ಸಿಕ್ಕಿದ್ದಲ್ಲ. ಅವರಿಗೆ ಉಬ್ಬಸ. ಚಳಿ ಹುಟ್ಟಿದರೆ, ಪಕ್ಕದ ಮನೆಯಲ್ಲಿ ಮೆಣಸಿನಕಾಯಿ ಹುರಿದರೆ, ಒಮ್ಮೊಮ್ಮೆ ಏನೂ ಆಗದೆಯೂ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಇನ್‌ಹೇಲರ್ ಕೈಕೊಟ್ಟರೆ ಆಸ್ಪತ್ರೆಯೇ ಗತಿ. ಎಷ್ಟು ಸಲ ನಾನು ಆ ಇಳಿಜಾರನ್ನು ಏದುಸಿರು ಬಿಡುತ್ತಾ ಹತ್ತಿದ್ದೇನೋ ಲೆಕ್ಕವಿಲ್ಲ. ಮೇಡಂ ಒಂದು ಮಾತೂ ಕೇಳುತ್ತಿರಲಿಲ್ಲ. ಕಾರು ಬಾಗಿಲಿಗೆ ಬರುತ್ತಿತ್ತು, ಹಿಂದಿನ ಸೀಟಿನಲ್ಲಿ ನನಗೊರಗಿಕೊಂಡು ಆಸ್ಪತ್ರೆ ಸೇರಿ ಅಮ್ಮ ಬದುಕುತ್ತಿದ್ದರು. ನನಗೆ ಆ ವಯಸ್ಸಿನಲ್ಲಿ ದೇವರ ಮೇಲೆ ಅಷ್ಟು ನಂಬಿಕೆ ಇರಲಿಲ್ಲ, ಆ ಬ್ಯಾಟರಿಯ ಮೇಲೆ ಇತ್ತು.

ಆಯುಧಪೂಜೆ ಎಂದರೆ ಇನ್‌ಸ್ಟಿಟ್ಯೂಟಿನಲ್ಲಿ ನಮಗೆಲ್ಲ ಹಬ್ಬವೋ ಹಬ್ಬ. ಟೈಪ್ ಮಷೀನುಗಳನ್ನು ಸೀಮೆಎಣ್ಣೆಯಲ್ಲಿ ಒರೆಸಿ, ವಿಭೂತಿ ಕುಂಕುಮ ಇಟ್ಟು ಸಾಲಾಗಿ ಜೋಡಿಸುತ್ತಿದ್ದೆವು. ಪೂಜೆಗೆ ಇಟ್ಟದ್ದನ್ನು ಮಾರನೆಯ ದಿನ, ವಿಜಯದಶಮಿಯ ಪೂಜೆ ಆಗುವವರೆಗೆ ಯಾರೂ ಮುಟ್ಟಬಾರದು. ಒಂದು ವರ್ಷ, ನನಗಾಗಲೇ ಕೆಲಸ ಸಿಕ್ಕಿದ್ದರೂ, ಹಬ್ಬಕ್ಕೆ ಹೋಗಿದ್ದೆ. ಮಾರ್ಕೆಟ್ಟಿನಿಂದ ಮೂಟೆಗಟ್ಟಲೆ ಸೇವಂತಿಗೆ ಬಂದಿತ್ತು. ಕಾರಿಗೆ ಮೂತಿಯೇ ಕಾಣದಷ್ಟು ಹಾರ ಹಾಕಿದೆವು. ಮೇಡಂ ಮಣೆಯ ಮೇಲೆ ಕತ್ತರಿ, ತಿರುಪುಳಿ, ಎಣ್ಣೆ ಡಬ್ಬಿ ಎಲ್ಲ ಇಟ್ಟರು. ಆಮೇಲೆ ಏನನ್ನಿಸಿತೋ, ಸೊಂಟದಿಂದ ಗೊಂಚಲು ತೆಗೆದು ಸ್ಪ್ಯಾನರನ್ನು ಬಿಡಿಸಿ ಅದನ್ನೂ ಮಣೆಯ ಮೇಲಿಟ್ಟು ಕುಂಕುಮ ಹಚ್ಚಿದರು. ‘ವರ್ಷವೆಲ್ಲ ದುಡಿಯೋದು ಇದೇ. ಇದಕ್ಕೂ ಒಂದಿನ ರಜ ಬೇಡ್ವಾ?’ ಎಂದು ನಕ್ಕರು.

ಮಂಗಳಾರತಿಯ ಹೊತ್ತಿಗೆ ಪುರೋಹಿತರು ಕಾರಿನ ಮುಂದೆ ನಿಂತು ‘ದೀಪ ಹಾಕಿಯಮ್ಮ, ಅದೂ ಕಣ್ಣು ಬಿಟ್ಟು ನೋಡ್ಲಿ’ ಎಂದರು. ಮೇಡಂ ಒಳಗೆ ಕೈಹಾಕಿ ದೀಪ ಹಾಕಿದರು. ಆರತಿ ಆಯಿತು, ಬೂದುಗುಂಬಳ ಒಡೆದಾಯಿತು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಾಯಿತು. ಮೇಡಂ ದೀಪ ಆರಿಸಿದರು. ಆರಿದ್ದು ದೊಡ್ಡ ದೀಪ; ಪಕ್ಕದ ಸಣ್ಣ ದೀಪಗಳು ಹಾರದಡಿಯಲ್ಲಿ ಉರಿಯುತ್ತಲೇ ಇದ್ದವು. ಮಧ್ಯಾಹ್ನದ ಬಿಸಿಲಿನಲ್ಲಿ, ಅಷ್ಟು ಸೇವಂತಿಗೆಯ ಹಿಂದೆ, ಅದು ಯಾರ ಕಣ್ಣಿಗೂ ಬೀಳಲಿಲ್ಲ. ಸ್ಪ್ಯಾನರ್ ಮಣೆಯ ಮೇಲಿದ್ದದ್ದರಿಂದ, ಬೆಳಿಗ್ಗೆ ಕಾರು ತೊಳೆಯಲು ಈಚೆ ತೆಗೆದಾಗ ಸಿಕ್ಕಿಸಿದ್ದ ಬ್ಯಾಟರಿಯ ತಂತಿಯನ್ನೂ ಅವತ್ತು ಬಿಚ್ಚಲಿಲ್ಲ.

ಬರಬೇಡಿ ಎಂದು ನಾನೆಷ್ಟು ಹೇಳಿದರೂ ಕೇಳದೆ ಅಮ್ಮ ಪೂಜೆಗೆ ಬಂದಿದ್ದರು. ಪುರೋಹಿತರು ಕೆಂಡದ ಮೇಲೆ ಸಾಂಬ್ರಾಣಿ ಹಾಕಿ ಮಷೀನುಗಳಿಗೆ, ಕಾರಿಗೆ, ಮೂಲೆಮೂಲೆಗೂ ಹೊಗೆ ಹಿಡಿದರು. ಅಮ್ಮ ಸೆರಗು ಮೂಗಿಗೆ ಒತ್ತಿಕೊಂಡು ‘ವರ್ಷಕ್ಕೊಂದ್ಸಲ, ಏನಾಗಲ್ಲ ಬಿಡೆ’ ಎಂದು ಕೋಸಂಬರಿ ತಿಂದರು. ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿ ಅವರ ಎದೆಯಿಂದ ಸಿಳ್ಳೆ ಶುರುವಾಯಿತು. ಇನ್‌ಹೇಲರ್ ಒತ್ತಿದೆ, ಮತ್ತೆ ಒತ್ತಿದೆ. ತುಟಿಯ ಬಣ್ಣ ಬದಲಾಗುವುದನ್ನು ನೋಡಿ ನಾನು ಬರಿಗಾಲಿನಲ್ಲಿ ಇಳಿಜಾರು ಹತ್ತಿ ಓಡಿದೆ. ಮೇಲ್ತುದಿಯ ಆಟೋ ಸ್ಟ್ಯಾಂಡಿನಲ್ಲಿ ಬಾಳೆಕಂದು ಕಟ್ಟಿಸಿಕೊಂಡ ಆಟೋಗಳು ನಿಂತಿದ್ದವು, ಡ್ರೈವರುಗಳು ಯಾರೂ ಇರಲಿಲ್ಲ.

ಮೇಡಂ ಕೀಲಿ ಹಿಡಿದೇ ಕೆಳಗಿಳಿದು ಬಂದರು. ಸ್ಟೇರಿಂಗ್ ಮುಂದೆ ಕೂತು ಕೀಲಿ ತಿರುಗಿಸಿದರು. ಟಿಕ್ ಅಂತು. ಮತ್ತೆ ತಿರುಗಿಸಿದರು. ಟಿಕ್. ಅವರು ಇಳಿದು ಹೋಗಿ ಮುಂದಿನ ಹಾರ ಎತ್ತಿದರು. ಅದರಡಿಯಲ್ಲಿ ಸಣ್ಣ ದೀಪ ಆರಿಹೋಗುವ ಕೆಂಡದ ಹಾಗೆ ಮಂಕಾಗಿ ಉಳಿದಿತ್ತು. ಅವರ ಮುಖ ಅಷ್ಟು ಬಿಳಿಚಿಕೊಂಡದ್ದನ್ನು ನಾನು ಎಂದೂ ನೋಡಿರಲಿಲ್ಲ. ಇನ್ನೇನು ಅಮ್ಮ ಉಳಿಯುವುದಿಲ್ಲ ಎಂದೇ ಅಂದುಕೊಂಡೆ.

ಆಮೇಲೆ ಅವರು ಕೂಗಿದ ಕೂಗು ಇಡೀ ಕ್ರಾಸಿಗೆ ಕೇಳಿಸಿತು. ‘ಬನ್ರೇ ಎಲ್ಲಾ! ತಳ್ಳಬೇಕು!’ ಹಬ್ಬದೂಟದ ಪಾತ್ರೆ ತೊಳೆಯುತ್ತಾ ಇನ್ನೂ ಅಲ್ಲೇ ಇದ್ದ ಕ್ಲಾಸಿನ ಹುಡುಗಿಯರು ರೇಷ್ಮೆ ಲಂಗ ಎತ್ತಿಕಟ್ಟಿ ಓಡಿಬಂದರು. ಪಕ್ಕದ ಗೇಟಿನಿಂದ ಬ್ಯಾಂಕ್ ಮಾಮ, ಪಂಚೆ ಮಡಿಚಿ ಕಟ್ಟುತ್ತಾ, ಬಾಯಲ್ಲಿ ಇನ್ನೂ ಹೋಳಿಗೆ ಇದ್ದ ಹಾಗೇ ಬಂದರು. ಕಾರನ್ನು ನಮ್ಮ ಮನೆ ಬಾಗಿಲಿನ ತನಕ ಉರುಳಿಸಿಕೊಂಡು ಬಂದು ಮೇಡಂ ಬ್ರೇಕ್ ಹಾಕಿದರು. ‘ಅಮ್ಮನ್ನ ಈಗ್ಲೇ ಕೂರ್ಸು. ಒಂದ್ಸಲ ಹತ್ಕೊಂಡ್ರೆ ನಾನು ಎಲ್ಲೂ ನಿಲ್ಲಿಸಲ್ಲ. ನೀನೂ ಕೂತ್ಕೊಂಡು ಬೆನ್ನು ನೀವ್ತಾ ಇರು.’

ಅಮ್ಮನನ್ನು ಹಿಂದಿನ ಸೀಟಿಗೆ ಎತ್ತಿ ಕೂರಿಸಿದೆವು. ಎಲ್ಲರೂ ತಳ್ಳಿದರು. ಕಾರು ವೇಗ ಹಿಡಿಯಿತು, ಮೇಡಂ ಕ್ಲಚ್ ಬಿಟ್ಟರು, ಕಾರು ಒಮ್ಮೆ ಜಗ್ಗಿ ನಿಂತುಬಿಟ್ಟಿತು. ಮುಂದೆ ಇಳಿಜಾರು ಉಳಿದಿದ್ದೇ ಸ್ವಲ್ಪ. ಅದಾದ ಮೇಲೆ ಸಂಪಿಗೆ ರಸ್ತೆಯ ಸಮತಟ್ಟು. ಅಲ್ಲಿ ಅಷ್ಟು ಭಾರದ ಕಾರನ್ನು ಯಾರು ತಳ್ಳಿಯಾರು? ‘ಇನ್ನೊಂದ್ಸಲ ಮಾಮ, ನಿಮ್ಮ ದಮ್ಮಯ್ಯ’ ಎಂದು ಮೇಡಂ ಕಿಟಕಿಯಿಂದ ತಲೆ ಹೊರಹಾಕಿ ಕೇಳಿಕೊಂಡರು. ಅವರು ಯಾರನ್ನಾದರೂ ಹಾಗೆ ಬೇಡಿಕೊಂಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಮಾಮ ಹಿಂದಿನಿಂದ ‘ನೀವು ಮುಂದೆ ನೋಡ್ರೀ!’ ಎಂದು ಗದರಿದರು. ಮತ್ತೆ ತಳ್ಳಿದರು. ಮಾಮ ಮುಗ್ಗರಿಸಿ ಬಿದ್ದದ್ದು ಹಿಂದಿನ ಗಾಜಿನಲ್ಲಿ ಕಾಣಿಸಿತು, ಹುಡುಗಿಯರು ಕಿರುಚುತ್ತಾ ಓಡಿಬರುತ್ತಲೇ ಇದ್ದರು. ರಸ್ತೆಯ ಕೊನೆಗೆ ಬಂದಾಗ ಕಾರು ಕೆಮ್ಮಿತು, ಇನ್ನೊಮ್ಮೆ ಕೆಮ್ಮಿತು, ಹತ್ತಿಕೊಂಡಿತು.

ಆಸ್ಪತ್ರೆಯಲ್ಲಿ ಅಮ್ಮನ ಮುಖಕ್ಕೆ ಮಾಸ್ಕ್ ಹಾಕಿ ಔಷಧದ ಹಬೆ ಕೊಟ್ಟರು. ಇಂಜೆಕ್ಷನ್ ಕೊಟ್ಟರು. ಬಹಳ ಹೊತ್ತಿನ ಮೇಲೆ ಎದೆಯ ಸಿಳ್ಳೆ ಇಳಿಯಿತು. ಅಮ್ಮ ಮಾಸ್ಕ್ ಸರಿಸಿ ‘ಕೋಸಂಬರಿಗೆ ಉಪ್ಪು ಕಮ್ಮಿಯಿತ್ತು’ ಎಂದರು. ನನಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಮೇಡಂಗೆ ಹೇಳೋಣವೆಂದು ಹೊರಗೆ ಓಡಿದೆ. ಗೇಟಿನ ಪಕ್ಕದಲ್ಲಿ ಕಾರು ಇಂಜಿನ್ ಚಾಲೂ ಇಟ್ಟುಕೊಂಡೇ ನಿಂತಿತ್ತು. ಆರಿಸಿದರೆ ನಮ್ಮನ್ನು ವಾಪಸು ಕರೆದುಕೊಂಡು ಹೋಗುವುದು ಹೇಗೆ ಎಂದು ಅಷ್ಟು ಹೊತ್ತೂ ಹಾಗೇ ಕೂತಿದ್ದರು. ವಾಚ್‌ಮನ್ ಬೈದು ಬೈದು ಸುಸ್ತಾಗಿ ಸುಮ್ಮನಾಗಿದ್ದ. ಹತ್ತಿರ ಹೋದಾಗ ನೋಡಿದೆ, ಮೇಡಂ ಸ್ಟೇರಿಂಗ್ ಹಿಡಿದುಕೊಂಡು ಅಳುತ್ತಿದ್ದರು.

‘ಹೇಗಿದಾರೆ?’

‘ಉಸಿರು ಬಂತು ಮೇಡಂ.’

ಸೆರಗಿನಿಂದ ಮುಖ ಒರೆಸಿಕೊಂಡರು. ‘ನನ್ನ ತಪ್ಪು ಕಣೆ. ಇನ್ಮೇಲೆ ಸ್ಪ್ಯಾನರ್‌ಗೆ ರಜ ಇಲ್ಲ’ ಎಂದರು. ನಾನು ಕಿಟಕಿಯೊಳಗೆ ಕೈಹಾಕಿ ಅವರ ಕೈ ಹಿಡಿದುಕೊಂಡೆ.

ಮರುವರ್ಷದಿಂದ ಆಯುಧಪೂಜೆಯಲ್ಲಿ ಸ್ಪ್ಯಾನರಿಗೆ ಕುಂಕುಮ ಬೀಳುತ್ತಿದ್ದದ್ದು ಅದು ಮೇಡಂ ಸೊಂಟದಲ್ಲಿ ನೇತಾಡುತ್ತಿದ್ದಾಗಲೇ. ಅವರು ಅಲುಗಾಡದೆ ನಿಲ್ಲುವರು, ಯಾರಾದರೊಬ್ಬ ಹುಡುಗಿ ಬಗ್ಗಿ ಬೊಟ್ಟಿಡುವಳು, ಕಚಗುಳಿಯಾಗಿ ಇಬ್ಬರೂ ನಗುವರು. ಬ್ಯಾಂಕ್ ಮಾಮ ಮಂಡಿಗೆ ಹಾಕಿದ್ದ ಪಟ್ಟಿಯನ್ನು ಬಹಳ ದಿನ ಎಲ್ಲರಿಗೂ ತೋರಿಸಿಕೊಂಡು ತಿರುಗಿದರು, ಮಾತು ಮತ್ತೆ ಶುರುವಾಯಿತು. ನನಗೆ ಮಾತ್ರ ಆಜ್ಞೆಯಾಯಿತು: ‘ಒಬ್ಬರಿಗೇ ಗೊತ್ತಿದ್ರೆ ಸಾಲ್ದು. ಭಾನುವಾರದಿಂದ ಬಾ.’ ಸ್ಟೇರಿಂಗ್ ಮುಟ್ಟಲು ಬಿಡುವ ಮೊದಲು ಎಷ್ಟೋ ಭಾನುವಾರ ಬ್ಯಾಟರಿಗೆ ನೀರು ಹಾಕಿಸಿದರು, ತಂತಿ ಬಿಚ್ಚಿಸಿದರು, ಸಿಕ್ಕಿಸಿದರು. ನನ್ನ ಚೂಡಿದಾರಗಳಿಗೂ ತೂತು ಬಿದ್ದವು. ಅಮ್ಮ ಬೈದುಕೊಂಡೇ ಹೊಲಿಗೆ ಹಾಕಿಕೊಡುತ್ತಿದ್ದರು. ಅಮ್ಮ ಆಮೇಲೂ ಬಹಳ ವರ್ಷ ಬದುಕಿದರು. ಹೋದದ್ದು ನಿದ್ದೆಯಲ್ಲಿ, ಯಾವ ಬಾಗಿಲನ್ನೂ ತಟ್ಟುವ ಕೆಲಸವಿಲ್ಲದೆ. ಆ ವರ್ಷಗಳೆಲ್ಲ ಮೇಡಂ ನನಗೆ ಕೊಟ್ಟವು ಎಂದೇ ನಾನು ಎಣಿಸುತ್ತೇನೆ.

ಹೊಸ ಶತಮಾನ ಬಂತು. ಕಂಪ್ಯೂಟರು ಬಂದು ಇನ್‌ಸ್ಟಿಟ್ಯೂಟು ಮುಚ್ಚಿತು. ನಮ್ಮ ಕ್ರಾಸಿನಲ್ಲಿ ಮನೆಗೊಂದು ಕಾರಾಗಿ, ನಡೆದುಹೋಗಲು ಜಾಗವಿಲ್ಲದಂತಾಯಿತು. ಮೇಡಂ ಬಾಗಿಲನ್ನು ಈಗ ಯಾರೂ ತಟ್ಟುತ್ತಿರಲಿಲ್ಲ. ಕಣ್ಣಿಗೆ ಪೊರೆ ಬಂದ ಮೇಲೆ ಅವರು ಓಡಿಸುವುದನ್ನು ಬಿಟ್ಟರು, ಬ್ಯಾಟರಿ ಸುತ್ತನ್ನು ಬಿಡಲಿಲ್ಲ. ನಾನು ಓಡಿಸುತ್ತಿದ್ದೆ, ಅವರು ಪಕ್ಕದಲ್ಲಿ ಕೂತು ಗೇರು ತಪ್ಪಿದ್ದಕ್ಕೆಲ್ಲ ನಾಲಿಗೆ ಲೊಚಗುಟ್ಟುತ್ತಿದ್ದರು. ಮಾರಿಬಿಡಿ, ಇನ್ಯಾರು ಬರುತ್ತಾರೆ ಎಂದು ಒಮ್ಮೆ ನಾನೇ ಅಂದೆ. ‘ಬರಲ್ಲ ಅಂತ ಯಾರು ಹೇಳಿದ್ದು? ಇವತ್ತು ಬಂದಿಲ್ಲ, ಅಷ್ಟೆ’ ಎಂದರು. ಸಿಟ್ಟು ಬಂದಿತ್ತು ಅಂತ ಕಾಣುತ್ತದೆ, ಆವತ್ತು ಗೇರು ಸರಿಯಾಗಿ ಬಿದ್ದರೂ ಲೊಚಗುಟ್ಟಿದರು.

ಕಡೆಗೊಮ್ಮೆ ಅವರೇ ನನಗೆ ಫೋನ್ ಮಾಡಿದರು. ಬೆಳಗಿನ ಹೊತ್ತು, ನಾನು ಆಫೀಸಿಗೆ ಹೊರಡುತ್ತಿದ್ದೆ. ‘ಗಾಡಿ ತೆಗಿ’ ಎಂದಷ್ಟೇ ಹೇಳಿದರು. ಹೋಗಿ ನೋಡಿದರೆ ಮೆಟ್ಟಿಲ ಮೇಲೆ ಕೂತಿದ್ದರು, ಎದೆ ಹಿಡಿದುಕೊಂಡು, ಬೆವರಿನಲ್ಲಿ ತೊಯ್ದು. ತಂತಿ ಸಿಕ್ಕಿಸಿ ಕೀಲಿ ತಿರುಗಿಸಿದೆ, ಕಾರು ಮೊದಲ ಸಲಕ್ಕೇ ಸ್ಟಾರ್ಟ್ ಆಯಿತು. ಅವರು ಆಸ್ಪತ್ರೆಯಲ್ಲಿ ಕೆಲವು ದಿನ ಇದ್ದು, ಅಲ್ಲಿಯೇ ತೀರಿಕೊಂಡರು. ಆ ದಿನಗಳಲ್ಲಿ ಅವರು ಆಡಿದ ಮಾತುಗಳು ನನಗೀಗ ಕಲಸಿಹೋಗಿವೆ. ಹೋಗುವ ದಾರಿಯಲ್ಲಿ ಆಡಿದ್ದು ಮಾತ್ರ ನೆನಪಿದೆ.

ಮುಂದೆ ಕೂರುತ್ತೇನೆಂದು ಹಟ ಮಾಡಿದರು. ನಾನು ಕೇಳದೆ ಹಿಂದಿನ ಸೀಟಿನಲ್ಲಿ ದಿಂಬಿಗೆ ಒರಗಿಸಿ ಕೂರಿಸಿದೆ. ಅಷ್ಟು ವರ್ಷಗಳಲ್ಲಿ ಆ ಸೀಟಿನಲ್ಲಿ ಅವರು ಕೂತಿದ್ದು ಅದೇ ಮೊದಲು. ಸಂಪಿಗೆ ರಸ್ತೆಯಲ್ಲಿ ಶಾಲೆಯ ವ್ಯಾನುಗಳು, ಬಸ್ಸು, ಸ್ಕೂಟರು, ಕಾರು ತೆವಳುತ್ತಿತ್ತು. ಒಂದೊಂದು ಸಿಗ್ನಲ್ಲಿನಲ್ಲೂ ನಾನು ಕನ್ನಡಿಯಲ್ಲಿ ಅವರ ಮುಖ ನೋಡುತ್ತಿದ್ದೆ. ಬೈಯಲಿ, ಲೊಚಗುಟ್ಟಲಿ, ಏನಾದರೂ ಅನ್ನಲಿ ಎಂದು ಕಾಯುತ್ತಿದ್ದೆ. ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು, ಒಂದು ಕೈಯಲ್ಲಿ ಮುಂದಿನ ಸೀಟಿನ ಬೆನ್ನನ್ನು ಬಿಗಿಯಾಗಿ ಹಿಡಿದುಕೊಂಡು.

‘ಇನ್ನೂ ಎಷ್ಟು ದೂರ?’ ಎಂದು ಕೇಳಿದರು.

ಆ ರಸ್ತೆಯ ಒಂದೊಂದು ತಿರುವೂ ಅವರಿಗೆ ಗೊತ್ತಿತ್ತು. ‘ಬಂದ್ವಿ ಮೇಡಂ, ಇನ್ನೊಂದು ಸಿಗ್ನಲ್ಲು’ ಎಂದೆ.

‘ಇಲ್ಲಿ ಕೂತ್ರೆ ದಾರಿ ಇಷ್ಟು ಉದ್ದ ಇರುತ್ತೆ ಅಂತ ನನಗೆ ಗೊತ್ತೇ ಇರ್ಲಿಲ್ಲ ಕಣೆ’ ಎಂದರು. ‘ಪಾಪ, ನಿಮ್ಮಮ್ಮ ಹೇಗೆ ಕೂತಿದ್ರೋ.’